ಆ ಬೆಂಚನ್ನು ಕಿಟಕಿಯಿಂದ ಸರಿಸಿದವನು ನಾನೇ

ಕೋವಿಡ್‌ನ ಎರಡನೇ ಅಲೆ ಇಳಿದ ವರ್ಷ ಅದು. ಬೆಳಗಾವಿಯ ಒಂದು ಮಧ್ಯಮ ಗಾತ್ರದ ಫೌಂಡ್ರಿಯಲ್ಲಿ ನಾನು ವರ್ಕ್ಸ್ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ವೃತ್ತಿಯ ಬಗ್ಗೆ ಎದೆಯುಬ್ಬಿಸಿ ಹೇಳಿಕೊಳ್ಳಲು ಬೇಕಾದಷ್ಟು ಸಂಗತಿಗಳಿವೆ. ಆದರೆ ಟಿಳಕವಾಡಿಯ ಮನೆಯಲ್ಲಿ ಬೆಳಗಿನ ಚಹಾ ಕುಡಿಯುವಾಗ ನೆನಪಾಗಿ ಬಾಯಿ ಕಹಿ ಮಾಡುವುದು ಇದೊಂದೇ.

ಫೌಂಡ್ರಿ ನೋಡದವರಿಗೆ ಒಂದು ಮಾತು. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದು ನಾವು ಯಂತ್ರದ ಭಾಗಗಳನ್ನು ತಯಾರಿಸುತ್ತೇವೆ. ಆ ಅಚ್ಚು ಮೂಡಿಸಲು ಮೊದಲು ಕಟ್ಟಿಗೆಯ ಒಂದು ಮಾದರಿ ಬೇಕು, ಅದೇ ಪ್ಯಾಟರ್ನ್. ಅದರಲ್ಲಿ ಒಂದು ಸಣ್ಣ ತಗ್ಗು ಉಳಿದರೂ ಮುಂದೆ ಎರಕ ಹೊಯ್ದ ಪ್ರತಿಯೊಂದು ಭಾಗದಲ್ಲೂ ಅದು ಇರುತ್ತದೆ. ನಮ್ಮಲ್ಲಿ ಈ ಕೆಲಸ ಮಾಡುವವರಲ್ಲಿ ಎಲ್ಲರಿಗಿಂತ ನುರಿತವರು ಪರಶುರಾಮ ಸುತಾರ. ಖಾನಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಡ್ರಾಯಿಂಗನ್ನು ಒಮ್ಮೆ ನೋಡಿ ಮಡಚಿಟ್ಟು, ನಮ್ಮ ಎಂಜಿನಿಯರುಗಳಿಗೆ ಹೊಳೆಯದ ಉಪಾಯವನ್ನು ಕಟ್ಟಿಗೆಯಲ್ಲೇ ಮಾಡಿ ತೋರಿಸುವ ಮನುಷ್ಯ.

ಆ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ನಾಲ್ಕು ತಿಂಗಳ ಬಳಿಕ ಕೆಲಸಕ್ಕೆ ಮರಳಿದರು. ಕಿಟಕಿಯ ಪಕ್ಕದ ತಮ್ಮ ಹಳೇ ಬೆಂಚಿನಲ್ಲಿ ಮೊದಮೊದಲು ಸಣ್ಣಪುಟ್ಟ ರಿಪೇರಿ, ಆಮೇಲೆ ನಿಧಾನಕ್ಕೆ ದೊಡ್ಡ ಕೆಲಸ. ಹೋಗಿಬರುವವರು ಕಿಟಕಿಯಾಚೆಯಿಂದ "ಕೈ ಹೆಂಗೈತ್ರಿ ಮಾಮಾ?" ಎಂದು ಕೇಳಿದರೆ ನಗುತ್ತ ಉಳಿ ಎತ್ತಿ ತೋರಿಸುತ್ತಿದ್ದರು. ಕೈ ದಿನೇದಿನೇ ಸುಧಾರಿಸುತ್ತಿತ್ತು.

ಅಷ್ಟರಲ್ಲಿ ವಿದೇಶಿ ಗ್ರಾಹಕರು ಭೇಟಿಗೆ ಬರುತ್ತಾರೆಂಬ ಸುದ್ದಿ ಬಂತು. ನನಗೆ ಉಮೇದು ಏರಿತು. ಪ್ಯಾಟರ್ನ್ ಶಾಪನ್ನು, ಅಂದರೆ ಅವರೆಲ್ಲ ಕೆಲಸ ಮಾಡುವ ವಿಭಾಗವನ್ನು, ಕಿಟಕಿಯಿಲ್ಲದ ಒಳಕೋಣೆಗೆ ಸಾಗಿಸಿದೆ. ಬಿಳಿ ಬಣ್ಣ, ಹೊಳೆಯುವ ನೆಲ, ಚಾವಣಿ ತುಂಬ ಎಲ್‌ಇಡಿ ದೀಪ, ಗೋಡೆಗೆ ಮುಖಮಾಡಿ ಸಾಲಾಗಿ ಬೆಂಚುಗಳು. ಕಿಟಕಿಯ ಜಾಗದಲ್ಲಿ ಗ್ರಾಹಕರಿಗೆಂದು ಸೋಫಾ. ಬೆಂಚು ಸರಿಸುವಾಗ ಪರಶುರಾಮ ಒಬ್ಬರೇ ಬಾಯಿಬಿಟ್ಟರು: "ಸಾಹೇಬ್ರ, ನನ್ನ ಬೆಂಚ್ ಒಂದ ಕಿಡಕಿ ಬಾಜೂಕ ಇರಲ್ರಿ."

"ಗಾಳಿ ತಗೋತ ಕೂಡ್ರಾಕ ಇದೇನ್ ಗಾರ್ಡನ್ ಏನ್ರಿ?" ಎಂದೆ. ಸುತ್ತ ನಿಂತವರು ನಕ್ಕರು. ಪರಶುರಾಮ ಉಳಿಗಳ ಚೀಲ ಎತ್ತಿಕೊಂಡು ಒಳಕೋಣೆಗೆ ನಡೆದರು.

ಹೊಸ ಕೋಣೆಯಲ್ಲಿ ಅವರ ಕೆಲಸ ಕೆಡುತ್ತ ಹೋಯಿತು. ಒಂದೇ ಜಾಗವನ್ನು ದಿನವಿಡೀ ಉಜ್ಜುತ್ತಿದ್ದರು. ನಾನು ದಿನಕ್ಕೆ ನಾಲ್ಕು ಸಲ ಹೋಗಿ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದೆ. ಕೊನೆಗೆ ಒಂದು ಪಂಪಿನ ಕವಚದ ಪ್ಯಾಟರ್ನ್‌ನಲ್ಲಿ ಎರಡು ಮಿಲಿಮೀಟರ್ ತಗ್ಗು ಉಳಿಯಿತು. ಎರಕ ಹೊಯ್ದ ನಲವತ್ತು ಕವಚಗಳೂ ರಿಜೆಕ್ಟ್ ಆದವು. ಎಲ್ಲರೆದುರು ನನ್ನ ನಾಲಿಗೆ ಹರಿಯಿತು. "ಕೈ ಹೋಗಿದ್ರ ಮನ್ಯಾಗ ಕುಂದರ್ರಿ. ನಮ್ಮ ಹೆಸರ ಯಾಕ ಕೆಡಸ್ತೀರಿ?" ಅವರು ಉಳಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟರು. ಇಪ್ಪತ್ತಾರು ವರ್ಷದ ನೌಕರಿ ಹಾಗೆ ಮುಗಿಯಿತು.

ಆರು ತಿಂಗಳ ಮೇಲೆ ನಾನು ಖಾನಾಪುರಕ್ಕೆ ಹೋದದ್ದು ಕ್ಷಮೆ ಕೇಳಲಿಕ್ಕಲ್ಲ. ಅವರೇ ಮಾಡಿದ್ದ ಹಳೆಯ ಪ್ಯಾಟರ್ನ್ ಒಂದು ಬಿರುಕು ಬಿಟ್ಟಿತ್ತು, ಬೇರೆ ಯಾರಿಗೂ ಸರಿಪಡಿಸಲು ಬಂದಿರಲಿಲ್ಲ. ಗರಜು ನನ್ನದಿತ್ತು, ಹೋದೆ. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಮನೆಯ ಪಡಸಾಲೆಯಲ್ಲಿ, ಬಾಗಿಲ ಬೆಳಕು ಪಕ್ಕದಿಂದ ಬೀಳುವಂತೆ ಬೆಂಚು ಹಾಕಿಕೊಂಡಿದ್ದರು. ಅದರ ಮೇಲೆ ಹುಬ್ಬಳ್ಳಿಯ ಯಾರಿಗೋ ಮಾಡುತ್ತಿದ್ದ ಪ್ಯಾಟರ್ನ್ ಇತ್ತು. ಎಷ್ಟು ಹುಡುಕಿದರೂ ಅದರಲ್ಲಿ ನನಗೆ ಒಂದು ಕುಂದು ಸಿಗಲಿಲ್ಲ. "ಬರ್ರಿ ಸಾಹೇಬ್ರ, ಕುಂದರ್ರಿ" ಎಂದು ಒಳಗೆ ಚಹಾ ಮಾಡಲು ಹೇಳಿದರು. ಒಂದು ಬಿರುಸು ಮಾತಾಡಿದ್ದರೂ ನನಗೆ ಹಗುರಾಗುತ್ತಿತ್ತು.

"ಇಷ್ಟ ಚಂದ ಮಾಡ್ತೀರಿ, ಅಲ್ಲಿ ಏನಾಗಿತ್ರಿ?" ಎಂದೆ.

"ಬ್ಯಾನಿ ಬಂದಾಗಿಂದ ಬೆರಳಿಗಿ ಏನೂ ತಿಳಿಯೂದಿಲ್ರಿ. ಮೊದಲ ಸವರಿ ನೋಡಿ ಮಾಡ್ತಿದ್ದೆ. ಈಗ ಬಾಜೂದಿಂದ ಓರೆ ಬೆಳಕ ಬಿದ್ರ ತಗ್ಗಿನ್ಯಾಗ ನೆರಳ ಕಾಣ್ತದ, ಅದನ್ನ ನೋಡಿ ಮಾಡ್ತೀನಿ. ಆ ಹೊಸಾ ರೂಮಿನ್ಯಾಗ ಮ್ಯಾಲ ತುಂಬ ದೀಪ, ನೆರಳ ಎಲ್ಲಿ ಬೀಳಬೇಕ್ರಿ?"

"ಅವತ್ತ ಯಾಕ ಹೇಳಲಿಲ್ಲ?"

"ಬೆರಳ ಸತ್ತಾವ ಅಂತ ಹೇಳಿದ್ರ ನೌಕರಿ ಮ್ಯಾಲ ಇಡ್ತಿದ್ರೇನ್ರಿ?"

ಇಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮುಖ ಎಲ್ಲಿಡಬೇಕೋ ತಿಳಿಯದೆ, "ತಪ್ಪಾತ್ರಿ. ಸೋಫಾ ತೆಗಸ್ತೀನಿ. ಕಿಡಕಿ ಬಾಜೂಕ ನಿಮ್ಮ ಬೆಂಚ್ ಹಾಕಸ್ತೀನಿ, ನೀವು ಬರ್ರಿ" ಎಂದೆ.

ಅವರು ನಾನು ತಂದ ಪ್ಯಾಟರ್ನನ್ನು ಬೆಂಚಿನ ಮೇಲಿಟ್ಟು ಉಳಿ ಹಿಡಿದರು. ಉಳಿಯ ತುದಿ ಕಟ್ಟಿಗೆಗೆ ತಾಕಿ ಟಕಟಕ ಎಂದಿತು.

"ಬರೇ ಕಿಡಕಿ ಅಲ್ರಿ ಸಾಹೇಬ್ರ. ನೀವು ಬಾಜೂಕ ನಿಂತೀರಿ, ಕೈ ನೋಡ್ರಿ ಹೆಂಗ ನಡಗಾಕತ್ತೈತಿ. ಸಿಟ್ಟಿಲ್ರಿ ನನಗ. ನೀವು ಹೊರಗ ಕಟ್ಟಿ ಮ್ಯಾಲ ಕುಂದರ್ರಿ, ಮುಗಿಸಿ ಕೊಡ್ತೀನಿ."

ಹೊರಗೆ ಹೋಗಿ ಕೂತೆ. ಒಂದು ತಾಸಿನಲ್ಲಿ ಪ್ಯಾಟರ್ನ್ ಬಂತು. ಬಿರುಕು ಎಲ್ಲಿತ್ತೆಂದು ತಿಳಿಯದಂತೆ ಮಾಡಿದ್ದರು. ಅವರು ಮಾತ್ರ ಕೆಲಸಕ್ಕೆ ಮರಳಲಿಲ್ಲ.

ಕೆಲಸದ ಪರಿಸರವೆಂದರೆ ಬಣ್ಣ, ಬೆಳಕು, ನೆಲ ಎಂದು ಎಷ್ಟೋ ಸಭೆಗಳಲ್ಲಿ ಭಾಷಣ ಬಿಗಿದಿದ್ದೆ. ಆ ಪರಿಸರದಲ್ಲಿ ನಾನೂ ಸೇರಿದ್ದೇನೆ, ನನ್ನಿಂದಲೇ ಒಬ್ಬರ ಕೈ ನಡುಗಬಹುದು ಎಂದು ನನಗೆ ಕಲಿಸಿದ್ದು ಆ ಕಟ್ಟೆಯ ಮೇಲಿನ ಒಂದು ತಾಸು. ಉಳಿದ ಎರಡು ವರ್ಷ ಪ್ಯಾಟರ್ನ್ ಶಾಪಿನ ಬಾಗಿಲಲ್ಲಿ ನಿಂತು, "ಒಳಗ ಬರ್ಲೇನ್ರಿ?" ಎಂದು ಕೇಳಿಯೇ ಒಳಗೆ ಹೋಗುತ್ತಿದ್ದೆ. ಸಾಹೇಬರಿಗೆ ವಯಸ್ಸಾಯಿತು ಎಂದು ಕೆಲಸಗಾರರು ನಗುತ್ತಿದ್ದರು. ಕಾರಣ ಹೇಳುವ ಧೈರ್ಯ ನನಗೆ ಕೊನೆಯ ದಿನದವರೆಗೂ ಬರಲಿಲ್ಲ.