ಹಾಲಿಗೆ ಕೊಟ್ಟ ಕೂಸಿನ ಜಾಗ

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಕುರಿಯ ವಾಸನೆ ಬಂತು. ಹಳೆಯ ಉಣ್ಣೆ, ಹುಣಸೆ ಬೀಜದ ಗಂಜಿ, ಒಣಗಿದ ಬೇವಿನೆಲೆ... ಎಲ್ಲ ಕೂಡಿದ ವಾಸನೆ. ಬನಹಟ್ಟಿಯ ತವರುಮನೆಯ ಹಿಂದಿನ ಕೋಣೆಗೆ ನನ್ನ ತಮ್ಮ ಹೊಸ ಪವರ್‌ಲೂಮ್ ತರಿಸುವವನಿದ್ದ. ಅಲ್ಲಿದ್ದ ಅತ್ತೆಯ ಟ್ರಂಕು ಖಾಲಿ ಮಾಡಿಕೊಡಲು ನಾನು ಜಮಖಂಡಿಯಿಂದ ಹೋಗಿದ್ದೆ. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಷ್ಟು ದಿನ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಆಗಿರಲಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ಅಜ್ಜನ ಒಬ್ಬಳೇ ಮಗಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮನೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಸಾಯುವ ತನಕ ಬಿಡಲಿಲ್ಲ. ಅವಳೆದುರು ನಮ್ಮವ್ವ ಎರಡನೆಯ ರೊಟ್ಟಿಗೆ ಕೈ ಚಾಚಿದ್ದು ನಾನು ಕಂಡಿಲ್ಲ. ಹೋದವರನ್ನು ಬೈಯಬಾರದು ಎಂದು ನಮ್ಮ ಮನೆಯವರು ಹೇಳುತ್ತಾರೆ. ನಾನು ಬೈಯುತ್ತಿಲ್ಲ. ಆದದ್ದನ್ನು ಬರೆಯುತ್ತಿದ್ದೇನೆ.

ಟ್ರಂಕಿನ ತಳದಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಮೊಳದುದ್ದದ ಕರಿ ಕಂಬಳಿ ತುಂಡು ಇತ್ತು. ಅಜ್ಜನನ್ನು ಆ ಮನೆಗೆ ತಂದಾಗ ಮೈಗೆ ಸುತ್ತಿದ್ದ ಕಂಬಳಿ ಅದು. ಅಜ್ಜ ಅಲ್ಲಿ ಹುಟ್ಟಿದವನಲ್ಲ. ಸಾವಳಗಿ ಕಡೆಯ ಕುರಿ ಕಾಯುವ ಕುಟುಂಬವೊಂದು ಬನಹಟ್ಟಿಯ ಹೊಲದಲ್ಲಿ ಹಿಂಡು ತರುಬಿ ಬೀಡುಬಿಟ್ಟಿದ್ದಾಗ ಅವನ ತಾಯಿ ಅವನನ್ನು ಹಡೆದು ಸತ್ತಳಂತೆ. ಅದೇ ವಾರ ಊರೊಳಗೆ ನೇಕಾರರ ಸೊಸೆಯೊಬ್ಬಳ ಕೂಸು ಸತ್ತಿತ್ತು, ಎದೆಯಲ್ಲಿ ಹಾಲು ಉಳಿದಿತ್ತು. ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದರು. ಹಿಂಡು ಮುಂದಕ್ಕೆ ಹೋಯಿತು, ಕೂಸು ಉಳಿಯಿತು. ಅದು ಬೆಳೆದು ಮಗ್ಗದ ಮೇಲೆ ಕೂತು ನೇಕಾರನಾಯಿತು. ಕಡೆಗಾಲದಲ್ಲಿ ಸಾಕಿದ ತಾಯಿಯೇ ಇಷ್ಟನ್ನೂ ಹೇಳಿ, ಈ ತುಂಡನ್ನು ಅವನ ಕೈಗೆ ಕೊಟ್ಟು ಕಣ್ಣು ಮುಚ್ಚಿದಳು. ಹಡೆದವಳ ಹೆಸರು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಅಂದಿನಿಂದ ಅಜ್ಜನಿಗೆ ಅದೊಂದೇ ಚಿಂತೆ. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ದಿನ ಎಲ್ಲರ ಹೆಸರು ಹಿಡಿದು ಎಡೆ ಇಟ್ಟಾದ ಮೇಲೆ, ತುದಿಗೆ ಆ ಕಂಬಳಿ ತುಂಡಿನ ಮುಂದೆ ಇನ್ನೊಂದು ಎಲೆ ಹಾಕಿ ಸುಮ್ಮನೆ ಕೈ ಮುಗಿಯುತ್ತಿದ್ದ. ಅತ್ತೆ ಬಂದು ಆ ಎಲೆ ಎತ್ತಿಬಿಡುತ್ತಿದ್ದಳು.

“ಹೆಸರಿಲ್ಲದಾಕಿಗೆ ಎಡಿ ಯಾಕ? ಉಣ್ಣಾಕ ಬರ್ತಾಳೇನು?”

ಆಮೇಲೆ ಅಜ್ಜ ನನ್ನನ್ನು ಹತ್ತಿರ ಕರೆದು ಹೇಳುತ್ತಿದ್ದ: “ಒಂದ ಸಲ, ಹೆಸರು ಹಿಡದು ಎಡಿ ಇಡಬೇಕು ನೋಡವ್ವಾ. ಆಮ್ಯಾಲ ನನಗೇನೂ ಬ್ಯಾಡ.”

ಎರಡು ಸಲ ಸಾವಳಗಿಗೆ ಹೋಗಿ ಬಂದ. ಹಿಂಡುಗಳು ಎಲ್ಲೆಲ್ಲೋ ಹೋಗಿದ್ದವು, ಯಾರ ಮನೆ ಎಂದು ಕೇಳುವುದು? ಆಗ ಯಾರೋ ಹೇಳಿದರು, ಹೆಳವರನ್ನು ಹಿಡಿಯಿರಿ ಎಂದು. ಹೆಳವರೆಂದರೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡವರು. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಅಂಗಳದಲ್ಲಿ ನಿಂತು ತಲೆಮಾರುಗಳ ಹೆಸರು ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕೊಟ್ಟ ಜೋಳ ಬಟ್ಟೆ ಹೊತ್ತು ಹೋಗುತ್ತಾರೆ. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನೆತನ ಎಂದು ಇರುತ್ತದೆ. ಊರಿಗೆ ಹಿಂಡು ತಂದಿದ್ದ ಕುರಿಗಾರನೊಬ್ಬನ ಕೈಯಲ್ಲಿ ಅಜ್ಜ ಹೇಳಿ ಕಳಿಸಿದ: ನಿಮ್ಮ ಹೆಳವನ ಪುಸ್ತಕದಲ್ಲಿ ಬನಹಟ್ಟಿಗೆ ಕೊಟ್ಟ ಕೂಸು ಇದ್ದರೆ, ಆ ಕೂಸು ನಾನು, ಬಂದು ಹೋಗಲಿ.

ಹೆಳವ ಬಂದ. ಅದೇ ನನ್ನ ಎದೆಯಲ್ಲಿ ಇನ್ನೂ ಕುಟುಕುವುದು... ಅವನು ಬಂದೇ ಬಂದ.

ನನಗಾಗ ಹನ್ನೊಂದು ವರ್ಷ. ಹೊಸ್ತಿಲ ಹತ್ತಿರ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಗಂಟೆ ಕಟ್ಟಿದ ಎತ್ತು, ಹಳದಿ ರುಮಾಲಿನ ಮುದುಕ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

“ಹಾಲಿಗೆ ಕೊಟ್ಟ ಕೂಸು ಈ ಮನ್ಯಾಗ ಬೆಳದೈತಂತ್ರಿ, ತಾಯಿ. ಹೆಸರು ಬರಕೊಂಡು ಹೋಗಾಕ ಬಂದೇನಿ.”

“ಅದು ಸತ್ತು ಎಷ್ಟೋ ವರ್ಷ ಆತು. ಹೆಸರಿಡೂದ್ರಾಗ ಸತ್ತಿತು.”

ಒಳಗೆ ಅಜ್ಜನ ಮಗ್ಗ ಖಟ್ ಖಟ್ ಎನ್ನುತ್ತಲೇ ಇತ್ತು. ಮುದುಕ ಕಿವಿ ಕೊಟ್ಟು ಕೇಳಿದ.

“ಒಳಗ ನೇಯಾಕತ್ತವರು ಯಾರ್ರಿ?”

“ಆಳು ಮನಶ್ಯಾ” ಎಂದಳು ಅತ್ತೆ.

ಹಡೆದ ಅಪ್ಪನನ್ನು ಆಳು ಎಂದಳು. ಮಗ್ಗದ ಸದ್ದಿನಲ್ಲಿ ಅಜ್ಜನಿಗೆ ಏನೂ ಕೇಳಲಿಲ್ಲ. ಎತ್ತಿನ ಗಂಟೆ ಓಣಿ ದಾಟಿ ಹೋಯಿತು. ನಾನು ಎದ್ದು ಒಳಗೆ ಓಡುವಷ್ಟರಲ್ಲಿ ಅತ್ತೆ ನನ್ನ ಗದ್ದ ಹಿಡಿದಳು. ಉಗುರು ಒಳಗೆ ಹೋಯಿತು.

“ಬಾಯಿ ಬಿಟ್ಟೀ ಅಂದ್ರ ನಿನ್ನ ಯಾರ್ ಬೇ ಲಗ್ನ ಮಾಡ್ಕೋತಾರ? ಕುರಿ ಕಾಯೋರ ರಕ್ತ ಅಂತ ಓಣ್ಯಾಗೆಲ್ಲ ಡಂಗುರ ಹೊಡಿಸ್ತೀ?”

ನಾನು ಬಾಯಿ ಬಿಡಲಿಲ್ಲ. ಅಂದು ಬಿಡಲಿಲ್ಲ, ಮರುದಿನವೂ ಬಿಡಲಿಲ್ಲ. ಹಾಗೇ ದಿನ ಹೋದಂತೆ ಹೇಳುವುದು ಇನ್ನೂ ಕಷ್ಟವಾಯಿತು. ನನಗೆ ಒಳ್ಳೆಯ ಮನೆಯೇ ಸಿಕ್ಕಿತು. ಹೊಡೆಯದ ಗಂಡ, ಹೊಟ್ಟೆ ತುಂಬ ಅನ್ನ, ಆರೋಗ್ಯವಂತ ಎರಡು ಮಕ್ಕಳು. ದಿನಾ ದೀಪ ಹಚ್ಚುವಾಗ ಇವನ್ನೆಲ್ಲ ದೇವರ ಮುಂದೆ ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳುವಾಗಲೆಲ್ಲ ಆ ಗಂಟೆಯ ಸದ್ದು ಕೇಳುತ್ತದೆ.

ಅಜ್ಜ ಮಾತ್ರ ಪ್ರತಿ ವರ್ಷ ಸುಗ್ಗಿ ಮುಗಿಯುತ್ತಲೇ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದ. ಎಲ್ಲಿ ಎತ್ತಿನ ಗಂಟೆ ಕೇಳಿದರೂ ಎದ್ದು ನಿಲ್ಲುತ್ತಿದ್ದ. “ಬರ್ತಾನ ತಗೋ, ದೂರದ ಹಾದಿ” ಎಂದು ನನಗೇ ಸಮಾಧಾನ ಹೇಳುತ್ತಿದ್ದ. ಒಂದು ವರ್ಷ ಅಮಾವಾಸ್ಯೆಗೆ ಕಂಬಳಿ ತುಂಡು ಹುಡುಕಿದರೆ ಸಿಗಲಿಲ್ಲ. ಇಲಿ ಕಡಿದಿತ್ತು, ತಿಪ್ಪೆಗೆ ಒಗೆದೆ ಎಂದಳು ಅತ್ತೆ. ಆಮೇಲೆ ಅಜ್ಜ ಎಡೆ ಇಡುವುದನ್ನೂ ಬಿಟ್ಟ... ಕಡೆಗೆ ಹೆಸರು ತಿಳಿಯದೆಯೇ ಹೋದ.

ಆ ತುಂಡು ಈಗ ನನ್ನ ಕೈಯಲ್ಲಿತ್ತು. ಒಂದು ತೂತೂ ಇಲ್ಲ. ವರ್ಷಾ ವರ್ಷ ಬೇವಿನೆಲೆ ಬದಲಿಸಿ ಇಟ್ಟಿರಬೇಕು. ಏಕೆ ಇಟ್ಟಳು? ಅವಳೊಳಗೂ ಪ್ರೀತಿ ಇತ್ತೆಂದು ಬರೆದರೆ ಓದುವವರಿಗೆ ಹಿತವಾದೀತು. ನನಗೆ ಹಾಗೆ ಬರೆಯಲು ಕೈ ಬರುವುದಿಲ್ಲ. ತಿಪ್ಪೆಗೆ ಒಗೆದರೆ ಯಾರ ಕೈಗಾದರೂ ಸಿಕ್ಕೀತು ಎಂದು ಇಟ್ಟುಕೊಂಡಿರಬಹುದು.

ಮರುವಾರ ನಮ್ಮ ಮನೆಯವರೊಂದಿಗೆ ಸಾವಳಗಿಯ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು, ಅದೂ ದೇವರ ದಯೆ. ಬೀರೇಶ್ವರನ ಗುಡಿಯ ಅಂಗಳದಲ್ಲಿ ಹಿರಿಯರೊಬ್ಬರು ಕಂಬಳಿ ತುಂಡನ್ನು ಬೆರಳಲ್ಲಿ ತಿಕ್ಕಿ ನೋಡಿದರು. “ನಮ್ಮ ಕಡೀದ ಐತ್ರಿ” ಎಂದರು. ಕತೆಯೆಲ್ಲ ಕೇಳಿ, ತಮ್ಮ ಮೊಬೈಲಿನಿಂದಲೇ ಹೆಳವನಿಗೆ ಫೋನು ಹಚ್ಚಿಕೊಟ್ಟರು.

ಹದಿನೈದು ದಿನಕ್ಕೆ ಅವನು ಅದೇ ಗುಡಿಗೆ ಮೋಟರ್ ಸೈಕಲ್ ಮೇಲೆ ಬಂದ. ಹಳದಿ ರುಮಾಲಿನ ಮುದುಕನ ಮೊಮ್ಮಗನಂತೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿ, ಹಣೆಗೆ ಒತ್ತಿಕೊಂಡು, ಬೆರಳಿಟ್ಟು ಓದಿದ. ಅಜ್ಜನ ಅಪ್ಪನ ಹೆಸರು ಓದಿದ. ಹಡೆದವಳ ಹೆಸರು ಓದಿದ. ಮೂರಕ್ಷರದ ಹೆಸರು. ಅಷ್ಟಕ್ಕೆ ಅಜ್ಜ ವರ್ಷಗಟ್ಟಲೆ ಕಟ್ಟೆಯ ಮೇಲೆ ಕೂತಿದ್ದ.

ಅದರ ಕೆಳಗೆ ಹೀಗಿತ್ತು: ಗಂಡು ಕೂಸು ಒಂದು, ಬನಹಟ್ಟಿಯಲ್ಲಿ ಹಾಲಿಗೆ ಕೊಟ್ಟದ್ದು. ಮುಂದೆ ನಾಲ್ಕು ಬೆರಳು ಜಾಗ ಖಾಲಿ.

“ನಮ್ಮಜ್ಜ ಒಮ್ಮೆ ನಿಮ್ಮ ಮನೀಗೆ ಬಂದಿದ್ದನ್ರಿ, ಅವ್ವಾರ. ಕೂಸು ಸತ್ತೈತಿ ಅಂದ್ರಂತ. ಆದ್ರ ಅಂವ ಹಂಗ ಬರೀಲಿಲ್ಲ. ‘ಆ ಹೆಣ್ಣಮಗಳು ಮಾರಿ ನೋಡಿ ಹೇಳಲಿಲ್ಲೋ’ ಅಂತಿದ್ದ. ಪುಸ್ತಕ ಹಳೇದಾಗಿ ಎರಡು ಸಲ ಹೊಸಾದಕ್ಕ ಇಳಿಸೇವಿ. ಈ ಜಾಗಾನೂ ಹಂಗ ಇಳಿಸೇವಿ.”

ನಾನು ಅಜ್ಜನ ಹೆಸರು ಹೇಳಿದೆ. ಅವನು ಬರೆದ. ಸೆರಗು ಬಾಯಿಗೆ ಹಿಡಿದು ಬಿಕ್ಕಿದೆ. ಆ ನಾಲ್ಕು ಬೆರಳು ಜಾಗ ತುಂಬಲು ಒಂದು ನಿಮಿಷವೂ ಹಿಡಿಯಲಿಲ್ಲ.

“ಇವರ ಮಕ್ಕಳು ಹೇಳ್ರಿ.”

ಅಪ್ಪನ ಹೆಸರು ಹೇಳಿದೆ.

“ಮತ್ತ?”

“ಒಬ್ಬಾಕಿ ಮಗಳು.”

“ಹೆಸರೇನ್ರಿ?”

ಗದ್ದದ ಮೇಲೆ ಆ ಉಗುರು ಮತ್ತೆ ನೆಟ್ಟಂತಾಯಿತು. ನಮ್ಮ ಮನೆಯವರು ನನ್ನ ಮುಖ ನೋಡಿದರು. ಎದುರಿಗೇ ಬೀರೇಶ್ವರ ಇದ್ದ.

“ನೆನಪಿಲ್ಲ” ಎಂದೆ.

“ಇರ್ಲಿ ಬಿಡ್ರಿ, ಜಾಗ ಬಿಟ್ಟಿರ್ತೀನಿ. ಮುಂದಿನ ಸುಗ್ಗಿಗೆ ನಿಮ್ಮ ಮನೀಗೆ ಬರ್ತೀನಲ್ಲ, ಆವಾಗ ಹೇಳೀರಂತ” ಎಂದು ಅವನು ಪುಸ್ತಕ ಸುತ್ತಿ ಕಟ್ಟಿದ.

ಈ ಸಲದ ಅಮಾವಾಸ್ಯೆಗೆ ಕಂಬಳಿ ತುಂಡಿನ ಮುಂದೆ, ಆ ಮೂರಕ್ಷರದ ಹೆಸರು ಹಿಡಿದು ಎಡೆ ಇಟ್ಟೆ. ಇಡಬೇಕಾಗಿದ್ದವನು ಅಜ್ಜ. ಅವನಿಗೂ ಪಕ್ಕದಲ್ಲಿ ಒಂದು ಎಡೆ ಇಟ್ಟೆ, ಅಷ್ಟೇ ನನ್ನಿಂದ ಆದದ್ದು. ಅತ್ತೆಗೆ ಇಡಲಿಲ್ಲ. ಅವಳ ಹೆಸರು ನನಗೆ ಚೆನ್ನಾಗಿ ನೆನಪಿದೆ. ಹೊಲಗಳಲ್ಲಿ ಜೋಳ ತೆನೆ ಕಟ್ಟುತ್ತಿದೆ, ಹೆಳವ ಬರುವ ದಿನ ದೂರವಿಲ್ಲ. ಓಣಿಯಲ್ಲಿ ಮೋಟರ್ ಸೈಕಲ್ ನಿಂತ ಸದ್ದಾದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ.