ಹಲಸಿನ ಬುಡದ ಕಲ್ಲುಪ್ಪು

ಅಷ್ಟಮಿ ಹಬ್ಬದ ಹಿಂದಿನ ದಿನ ಪಕ್ಕದ ಮನೆಯ ಅಕ್ಕ ಓಣಿ ಬದಿಯ ತಮ್ಮ ಹಲಸಿನ ಮರದ ಕೆಳಗೆ ನಿಂತು ಒಂದೊಂದೇ ಎಲೆ ಕಿತ್ತು, ನೋಡಿ, ಬಿಸಾಡುತ್ತಿದ್ದರು. ಕಡುಬಿಗೆ ನಾಲ್ಕು ಎಲೆ ಸೇರಿಸಿ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಬೇಕು. ಎಲೆಯ ಅಂಚು ಒಣಗಿದ್ದರೆ ಕಡ್ಡಿ ತಾಗಿದ ಕೂಡಲೇ ಸೀಳುತ್ತದೆ, ಹಿಟ್ಟೆಲ್ಲ ಸೋರಿಹೋಗುತ್ತದೆ. ಅವರ ಕಾಲ ಬಳಿ ಕಂದು ಅಂಚಿನ ಎಲೆಗಳ ರಾಶಿ ಬಿದ್ದಿತ್ತು.

"ನೋಡಿ ಸಿಸ್ಟರ್, ಇಷ್ಟು ದೊಡ್ಡ ಮರದಲ್ಲಿ ಒಂದು ಕೊಟ್ಟೆಗೆ ಆಗುವಷ್ಟು ಒಳ್ಳೆ ಎಲೆ ಇಲ್ಲ. ಇದಕ್ಕೆ ಎಂತ ಆಯಿತು ಮಾರಾಯ್ತಿ?"

ನಾನು ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ತೊಕ್ಕೊಟ್ಟಿನಿಂದ ಕಡಲಿನ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಓಣಿಯವರಿಗೆಲ್ಲ ನಾನು ಸಿಸ್ಟರ್. ಜ್ವರ ಬರಲಿ, ನಾಯಿ ಕಚ್ಚಲಿ, ಮೊದಲು ತಟ್ಟುವುದು ನಮ್ಮ ಗೇಟನ್ನೇ. ಸುಳ್ಳು ಯಾಕೆ ಹೇಳಲಿ, ಇದರಿಂದ ನನಗೆ ಸ್ವಲ್ಪ ಕೊಂಬು ಬಂದಿತ್ತು. ಗೊತ್ತಿಲ್ಲದ್ದಕ್ಕೂ ಗೊತ್ತಿದ್ದವಳ ಹಾಗೆ ಉತ್ತರ ಕೊಡುವುದು ಅಭ್ಯಾಸವಾಗಿಬಿಟ್ಟಿತ್ತು. ಆ ದಿನವೂ ಮರವನ್ನು ಮೇಲೆ ಕೆಳಗೆ ನೋಡಿ, "ಗೊಬ್ಬರ ಸಾಲದು ಅಕ್ಕ, ಮತ್ತೇನಿಲ್ಲ" ಎಂದೆ.

ಮರ ಅವರ ಜಾಗದ್ದು, ಓಣಿಗೆ ತಾಗಿಕೊಂಡೇ ಇತ್ತು. ಪ್ರತಿ ಬೇಸಿಗೆಯಲ್ಲಿ ಅಕ್ಕ ಅದರ ಕಾಯಿಯಿಂದ ಹಪ್ಪಳ ಮಾಡಿ ತೊಕ್ಕೊಟ್ಟಿನ ಅಂಗಡಿಗಳಿಗೆ ಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರು ಯಾರ ಮುಂದೆಯೂ ಕೈ ಚಾಚದೆ ಬದುಕಿದ್ದು ಆ ಹಪ್ಪಳದಿಂದ. ಹಾಗಾಗಿ ಆ ಮರ ಒಣಗುವುದೆಂದರೆ ತಮಾಷೆಯ ಮಾತಾಗಿರಲಿಲ್ಲ.

ತೊಂದರೆ ಶುರುವಾದದ್ದು ಕಡಲ ಬದಿಯ ಗಾಳಿಮರಗಳು ಕೊರೆತಕ್ಕೆ ಸಿಕ್ಕಿ ಸಾಲಾಗಿ ಬಿದ್ದ ಮೇಲೆ. ಅವು ಇದ್ದಷ್ಟು ಕಾಲ ಉಪ್ಪುಗಾಳಿಯನ್ನು ತಮ್ಮ ಮೈಮೇಲೆ ಹಾಕಿಕೊಳ್ಳುತ್ತಿದ್ದವು ಎಂಬುದೇ ನಮಗೆ ಗೊತ್ತಿರಲಿಲ್ಲ. ಆಮೇಲೆ ದಡಕ್ಕೆ ಬಂಡೆಕಲ್ಲು ಹಾಕಿದರು. ಕಲ್ಲು ತಂದ ಟಿಪ್ಪರುಗಳು ಓಣಿಯ ತಿರುವಿನಲ್ಲಿ ಹಲಸಿಗೆ ಉಜ್ಜಿಕೊಂಡೇ ಹೋಗುತ್ತಿದ್ದವು. ಒಂದು ಟಿಪ್ಪರು ಮರಳಿನಲ್ಲಿ ಹೂತಾಗ ಕಾಂಡಕ್ಕೆ ಚೈನು ಸುತ್ತಿ ಎಳೆದರು. ಸೊಂಟದೆತ್ತರದಲ್ಲಿ ತೊಗಟೆ ಸುಲಿದು, ಬಿಳಿ ಮೇಣ ವಾರಗಟ್ಟಲೆ ಇಳಿಯಿತು. ನಾನು ದಿನಾ ಬಸ್ಸಿಗೆ ಓಡುವಾಗ ಆ ಗಾಯ ನೋಡುತ್ತಿದ್ದೆ, ಮುಂದೆ ಹೋಗುತ್ತಿದ್ದೆ. ಮನುಷ್ಯನ ಕಾಲಿನಲ್ಲಿ ಅಂಥ ಗಾಯ ಕಂಡಿದ್ದರೆ ಸುಮ್ಮನೆ ಹೋಗುತ್ತಿರಲಿಲ್ಲ.

ಮಳೆಗಾಲದಲ್ಲಿ ಅಲೆಗಳು ಆ ಕಲ್ಲುಗಳಿಗೆ ಬಡಿದು ಮೊದಲಿಗಿಂತ ಎತ್ತರಕ್ಕೆ ಚಿಮ್ಮತೊಡಗಿದವು. ಮಳೆ ಸುರಿಯುತ್ತಿದ್ದಾಗ ಎಲೆ ತೊಳೆದುಹೋಗುತ್ತಿತ್ತು. ಮಳೆ ಬಿಟ್ಟು ಗಾಳಿ ಮಾತ್ರ ಬೀಸಿದ ದಿನಗಳಲ್ಲಿ ನಮ್ಮ ಕಿಟಕಿಯ ಗಾಜಿಗೂ ಉಪ್ಪು ಹಿಡಿಯುತ್ತಿತ್ತು. ಹಲಸಿನ ಪಡುವಣ ಬದಿಯ ಎಲೆಗಳೆಲ್ಲ ಅಂಚಿನಿಂದ ಒಳಗೆ ಸುಟ್ಟವು. ಮೂಡಣ ಬದಿ ಇನ್ನೂ ಹಸುರಾಗಿತ್ತು. ಇಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರೂ ನನಗೆ ಹೊಳೆಯಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ನವೆಂಬರಿನಲ್ಲಿ ಅಕ್ಕ ಮಗಳ ಬಾಣಂತನಕ್ಕೆಂದು ಉರ್ವಕ್ಕೆ ಹೋದರು. ಹೋಗುವಾಗ, "ಮರವನ್ನು ಸ್ವಲ್ಪ ನೋಡಿಕೊಳ್ಳಿ ಸಿಸ್ಟರ್" ಎಂದರು. ಆ ಮಾತು ನನ್ನ ತಲೆಗೇರಿತು. ನನ್ನ ತವರಿನಲ್ಲಿ ತೆಂಗಿನ ಬುಡಕ್ಕೆ ಕಲ್ಲುಪ್ಪು ಹಾಕುವುದು, ಮೀನು ತೊಳೆದ ನೀರು ಹೊಯ್ಯುವುದು ರೂಢಿ. ಅಪ್ಪ ಕೈತುಂಬ ಉಪ್ಪು ಹಿಡಿದು ತೆಂಗಿನ ಸುತ್ತ ನಡೆಯುತ್ತಿದ್ದದ್ದನ್ನು ನೋಡಿಯೇ ನಾನು ಬೆಳೆದವಳು. ತೆಂಗಿಗೆ ಒಳ್ಳೆಯದಾದದ್ದು ಹಲಸಿಗೆ ಕೆಟ್ಟದಾಗುತ್ತದೆಯೇ? ಎರಡು ಕಿಲೋ ಕಲ್ಲುಪ್ಪು ತಂದು ಬುಡದ ಸುತ್ತ ಹಾಕಿದೆ. ಮೀನು ಮಾಡಿದ ದಿನವೆಲ್ಲ ತೊಳೆದ ನೀರನ್ನು ಅಲ್ಲಿಗೇ ಹೊಯ್ದೆ. ತಿಂಗಳು ಬಿಟ್ಟು ಇನ್ನೊಮ್ಮೆ ಉಪ್ಪು ಹಾಕಿದೆ. ನನ್ನ ಕಾಳಜಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಕ್ಕ ಮರಳಿದ್ದು ಜನವರಿಯಲ್ಲಿ. ಫೆಬ್ರವರಿಯಲ್ಲಿ ಮೂಡಣ ಬದಿಯ ಎಲೆಯೂ ಉದುರಿತು. ಹೆಬ್ಬೆರಳಿನಷ್ಟಿದ್ದ ಎಳೆಕಾಯಿಗಳು ಕಪ್ಪಾಗಿ ಕಳಚಿ ಬಿದ್ದವು.

ನಾನು ಕಂಕನಾಡಿಯಲ್ಲಿ ಗಿಡ ಮಾರುವವರೊಬ್ಬರನ್ನು ಕೇಳಿದೆ. ಉಪ್ಪು ಹಾಕಿದ ವಿಷಯ ಬಹಳ ಧೈರ್ಯದಲ್ಲೇ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ತೆಂಗು ತಡೆದುಕೊಳ್ತದೆ ಸಿಸ್ಟರ್. ಹಲಸಿಗೆ ಗಾಳಿಯ ಉಪ್ಪೇ ಆಗುವುದಿಲ್ಲ, ನೀವು ಬುಡಕ್ಕೂ ಹಾಕಿದ್ರಾ? ತೊಗಟೆ ಬೇರೆ ಹೋಗಿದೆ ಅಂತೀರಿ. ಇನ್ನು ಅದು ಏಳುವುದು ಕಷ್ಟ."

ಆ ದಿನ ಬಸ್ಸಿನಲ್ಲಿ ಸೇತುವೆ ದಾಟುವವರೆಗೂ ಅಕ್ಕನಿಗೆ ಹೇಳಲೇಬೇಕು ಎಂದುಕೊಂಡೆ. ತೊಕ್ಕೊಟ್ಟಿನಲ್ಲಿ ಇಳಿಯುವಾಗ ನಾಳೆ ಹೇಳೋಣ ಎನಿಸಿತು. ಆ ನಾಳೆ ಮೇ ತಿಂಗಳವರೆಗೂ ಬರಲಿಲ್ಲ. ಕದ್ದುಮುಚ್ಚಿ ಬುಡಕ್ಕೆ ಬಾಲ್ದಿಗಟ್ಟಲೆ ಸಿಹಿನೀರು ಹೊಯ್ದೆ, ಅಷ್ಟೇ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಮಳೆಗಾಲಕ್ಕೆ ಮುಂಚೆ ಕಡಿಸದಿದ್ದರೆ ಮರ ಅಕ್ಕನ ಹಂಚಿನ ಮೇಲೇ ಬೀಳುವಂತಿತ್ತು. ಕಡಿಯುವವರು ಬಂದ ಬೆಳಿಗ್ಗೆ ಅಕ್ಕ ಜಗಲಿಯಲ್ಲಿ ಕುಳಿತು ಟಿಪ್ಪರಿನವರಿಗೆ, ಕಲ್ಲು ಹಾಕಿಸಿದವರಿಗೆ, ಕಡಲಿಗೆ, ಒಬ್ಬರನ್ನೂ ಬಿಡದೆ ಬೈದರು. ಪ್ರತಿ ಬೈಗುಳಕ್ಕೂ ನಾನು ಹೂಂಗುಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಬುಡ ಮಾತ್ರ ಉಳಿದಿತ್ತು. ಅಕ್ಕ ಬೈಯುವುದನ್ನು ನಿಲ್ಲಿಸಿ, ಹಪ್ಪಳ ಒಣಗಿಸುವ ಚಾಪೆಗಳನ್ನು ಸುರುಳಿ ಸುತ್ತಿ ಅಟ್ಟಕ್ಕೆ ಏರಿಸತೊಡಗಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಕ್ಕ, ನೀವು ಇಲ್ಲದಾಗ ನಾನು ಬುಡಕ್ಕೆ ಉಪ್ಪು ಹಾಕಿದ್ದೆ. ಎರಡು ಸಲ. ಒಳ್ಳೆಯದಾಗ್ತದೆ ಅಂತ ಹಾಕಿದ್ದು."

ಅವರು ಕೊನೆಯ ಚಾಪೆಯನ್ನೂ ಮೇಲಿಟ್ಟು ಬಂದು ನನ್ನ ಎದುರು ಕುಳಿತರು.

"ಗೊತ್ತುಂಟು. ಉರ್ವದಿಂದ ಬಂದ ದಿನವೇ ನೋಡಿದೆ. ಬುಡದಲ್ಲಿ ಕಲ್ಲುಪ್ಪು ಹಾಗೇ ಇತ್ತು."

"ಮತ್ತೆ ಯಾಕೆ ನನಗೆ ಹೇಳಲಿಲ್ಲ?"

"ಗುಡಿಸಿ ತೆಗೆಯುವ ಅಂತ ಹಿಡಿಸೂಡಿ ತಂದಿದ್ದೆ. ಹಲಸಿನ ಹತ್ತಿರ ಉಪ್ಪು ತರಲಿಕ್ಕೆ ನಮ್ಮ ಅತ್ತೆ ಬಿಡ್ತಿರಲಿಲ್ಲ. ಆಮೇಲೆ ನನಗೇ ಅನಿಸಿತು, ಸಿಸ್ಟರ್ ಹಾಕಿದ್ದಲ್ಲವಾ, ಕಲಿತವರು, ತಿಳಿದೇ ಹಾಕಿರ್ತಾರೆ ಅಂತ. ಹಿಡಿಸೂಡಿ ವಾಪಸ್ ಇಟ್ಟೆ."