ಏಳನೆಯ ಸಾಲು

ನೋಟ್‌ಬುಕ್ಕಿನ ಏಳನೆಯ ಸಾಲಿನಲ್ಲಿ ಕಾಗದ ತುಸು ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಅಲ್ಲಿ ಪೆನ್ಸಿಲಿನಲ್ಲಿ ‘ತಪ್ಪಿತು’ ಎಂದು ಬರೆದವಳು ನಾನು. ಅದನ್ನು ರಬ್ಬರಿನಿಂದ ಉಜ್ಜಿ ‘ಸರಿ’ ಎಂದು ಬರೆದವಳೂ ನಾನೇ. ಆ ಒಂದು ಮಾತಿನಿಂದ ನನ್ನ ದೊಡ್ಡಪ್ಪ ತಮ್ಮ ಕೈಗಳ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರು. ಗೊತ್ತಿದ್ದೂ ನಾನು ಮೂರು ವರ್ಷ ಬಾಯಿ ಬಿಡಲಿಲ್ಲ.

ದೊಡ್ಡಪ್ಪ ಬೀಗದ ಕೆಲಸದವರು. ಯಾವ ಮನೆಗೂ ಬೀಗ ಹಾಕದ ನಮ್ಮ ಹಟ್ಟಿಯಲ್ಲಿ ಹುಟ್ಟಿ, ವೆಲ್ಲಿಂಗ್ಟನ್ನಿನ ದಂಡಿನ ಕಾರ್ಖಾನೆಯಲ್ಲಿ ಅರ ಹಿಡಿಯಲು ಕಲಿತು, ಉದಕಮಂಡಲದ ಪೇಟೆಯಲ್ಲಿ ಇಬ್ಬರು ಕೂತರೆ ತುಂಬಿಹೋಗುವ ಒಂದು ಅಂಗಡಿ ಇಟ್ಟಿದ್ದರು. ನನ್ನನ್ನು ಮದರಾಸಿನ ಕಾಲೇಜಿಗೆ ಕಳಿಸುವುದು ಬೇಡವೆಂದು ಮನೆಯವರೆಲ್ಲ ಹೇಳಿದಾಗ, “ಕೂಸು ಓದಲಿ, ಮಿಕ್ಕಿದ್ದು ಎನ್ನ ತಲೆ ಮೇಲಿರಲಿ” ಎಂದವರು ಅವರೊಬ್ಬರೇ. ನಾನು ಭೌತಶಾಸ್ತ್ರ ಓದಿ ಪದವಿ ಪಡೆದು ಬಂದೆ. ಶಾಲೆಯಲ್ಲಿ ಕೆಲಸ ಸಿಗುವವರೆಗೆ ಅವರ ಅಂಗಡಿಯಲ್ಲಿ ಕೂತು ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುತ್ತಿದ್ದೆ.

ಬಂಗಲೆಗಳ ಹೊಸ ವಿಲಾಯತಿ ಬೀಗಗಳ ಹೊಟ್ಟೆಯಲ್ಲಿ ಐದು ಸಣ್ಣ ಪಿನ್ನುಗಳಿರುತ್ತವೆ. ಬೀಗದಕೈ ಕಳೆದುಹೋದಾಗ ತೆಳ್ಳನೆಯ ಕಡ್ಡಿಯಿಂದ ಅವನ್ನು ಒಂದೊಂದಾಗಿ ಮೇಲೆತ್ತಬೇಕು. ಐದೂ ಎದ್ದರೆ ನಡುವಿನ ಉರುಳೆ ತಿರುಗುತ್ತದೆ. ಆದರೆ ಎಷ್ಟೋ ಸಲ ಅದು ತೆರೆಯುವ ಕಡೆಗೆ ತಿರುಗದೆ ಎದುರು ಕಡೆಗೆ ತಿರುಗಿ ನಿಲ್ಲುತ್ತದೆ. ಹಿಂದಕ್ಕೆ ತರಲು ಹೋದರೆ ನಡುಮಧ್ಯೆ ಪಿನ್ನುಗಳು ಮತ್ತೆ ಕೆಳಗೆ ಬೀಳುತ್ತವೆ, ಮುಕ್ಕಾಲು ಗಂಟೆಯ ಕೆಲಸ ಹೋಗುತ್ತದೆ. ಆಗ ಬೇಕಾಗುವುದು ಸ್ಪ್ರಿಂಗಿನ ಒಂದು ಸಲಕರಣೆ. ದೊಡ್ಡಪ್ಪ ಅದನ್ನು ತಿರುಗಣೆ ಎನ್ನುತ್ತಿದ್ದರು. ಬಿಗಿ ಮಾಡಿ ಬಿಟ್ಟರೆ ಅದು ಉರುಳೆಯನ್ನು ಎಷ್ಟು ಚುರುಕಾಗಿ ಎದುರು ಬದಿಗೆ ಎಸೆಯುತ್ತದೆಂದರೆ ಪಿನ್ನುಗಳಿಗೆ ಬೀಳಲು ಸಮಯವೇ ಸಿಗುವುದಿಲ್ಲ.

ಅವರ ತಿರುಗಣೆ ಅವರೇ ಮಾಡಿಕೊಂಡದ್ದು. ಹಳೆಯ ಗಡಿಯಾರದ ಸ್ಪ್ರಿಂಗು, ಮರದ ಹಿಡಿ, ನೋಡಲು ಒರಟು. ಅದನ್ನು ಕಂಡರೆ ನನಗೆ ನಾಚಿಕೆಯಾಗುತ್ತಿತ್ತು — ಇದನ್ನೂ ಹೇಳಿಬಿಡಬೇಕು. ಒಂದು ಕ್ಯಾಟಲಾಗಿನಲ್ಲಿ ಹಿತ್ತಾಳೆಯ ಡಬ್ಬಿಯೊಳಗೆ ಸ್ಪ್ರಿಂಗ್ ಕೂತ, ಹೊಳೆಯುವ ತಿರುಗಣೆಯೊಂದನ್ನು ಕಂಡು ನಾನೇ ಆರಿಸಿದೆ, ನಾನೇ ಬರೆದು ತರಿಸಿದೆ. ದೊಡ್ಡಪ್ಪ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ ನಕ್ಕರು.

“ಚೆಂದ ಇದೆ. ಮದುವೆಗೆ ಕೊಡಬಹುದು. ಕೆಲಸಕ್ಕೆ ಆಗುತ್ತಾ ಅಂತ ಇಪ್ಪತ್ತು ಸಲ ನೋಡು.”

ಅದು ಅವರ ಪದ್ಧತಿ. ಹೊಸ ಸಲಕರಣೆಯನ್ನು ಮೇಜಿನ ಇಕ್ಕಳಕ್ಕೆ, ಅಂದರೆ ವೈಸಿಗೆ, ಕಚ್ಚಿಸಿದ ಬೀಗದ ಮೇಲೆ ಇಪ್ಪತ್ತು ಸಲ ಪ್ರಯೋಗಿಸಬೇಕು; ಒಂದೇ ಒಂದು ಸಲ ತಪ್ಪಿದರೂ ಅದು ಅವರ ಕೆಲಸದ ಚೀಲಕ್ಕೆ ಸೇರುವಂತಿಲ್ಲ. ನಾನು ಸಾಲುಸಾಲಾಗಿ ಬರೆಯುತ್ತ ಹೋದೆ. ಒಂದು ಮಧ್ಯಾಹ್ನ ಆರು ಸಲ, ಆರೂ ಸರಿ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಬೀದಿಯ ಹುಲ್ಲೆಲ್ಲ ಮಂಜುಗಟ್ಟಿ ಬೆಳ್ಳಗಿತ್ತು. ಇದ್ದಿಲ ಒಲೆ ಇನ್ನೂ ಹಚ್ಚಿರಲಿಲ್ಲ. ಏಳನೆಯ ಸಲ ತಿರುಗಣೆ ನಿದ್ದೆಯಿಂದ ಎದ್ದಂತೆ ನಿಧಾನವಾಗಿ ಹೊರಳಿತು, ಪಿನ್ನುಗಳು ಬಿದ್ದವು. ‘ತಪ್ಪಿತು’ ಎಂದು ಬರೆದೆ. ಆಮೇಲೆ ಒಲೆ ಹಚ್ಚಿ, ಅದನ್ನು ಒಲೆಯ ಪಕ್ಕದಲ್ಲಿಟ್ಟು, ಬೆಚ್ಚಗಾದ ಮೇಲೆ ಉಳಿದದ್ದನ್ನು ಮುಗಿಸಿದೆ. ಎಲ್ಲವೂ ಸರಿ.

ಕಾರಣ ನನಗೆ ತಿಳಿಯಿತು. ಡಬ್ಬಿಯೊಳಗೆ ಮೆತ್ತಿದ್ದ ದಪ್ಪ ಗ್ರೀಸು ಚಳಿಗೆ ಗಟ್ಟಿಯಾಗುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದಿದ್ದರೆ ಸಾಕಿತ್ತೇನೋ. ಆದರೆ ತೊಳೆಯಲು ಡಬ್ಬಿ ಬಿಚ್ಚಬೇಕು, ಅದಕ್ಕೆ ದೊಡ್ಡಪ್ಪನಿಗೆ ಹೇಳಬೇಕು; ಹೇಳಿದರೆ ಅದು ಚೀಲಕ್ಕೆ ಸೇರುವುದಿಲ್ಲ; ಆಚೆ ಅಂಗಡಿಯವರ ಮುಂದೆಲ್ಲ ಅವರು ಆಗಲೇ “ನಮ್ಮ ಕೂಸು ಆರಿಸಿದ್ದು” ಎಂದು ತೋರಿಸಿಯಾಗಿತ್ತು — ನಾನು ರಬ್ಬರ್ ತೆಗೆದುಕೊಂಡೆ.

ಇದಾಗಿ ಎರಡು ವಾರಕ್ಕೆ ಗುಡ್ಡದ ಮೇಲಿನ ಒಂದು ಬಂಗಲೆಯಿಂದ ಕರೆ ಬಂತು. ದೊಡ್ಡಪ್ಪ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ ಮನೆ. ದೊರೆಸಾನಿ ಆ ದಿನವೇ ರೈಲು ಹಿಡಿಯಬೇಕು, ಕಾಗದಪತ್ರಗಳೆಲ್ಲ ಉಳಿದದ್ದು ಬೀಗ ಬಿದ್ದ ಕೋಣೆಯೊಳಗೆ. ಬಾಗಿಲು ಬಿಸಿಲು ಬೀಳದ ಹಿಂಬದಿಗೆ. ಮೆಟ್ಟಿಲ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ದೊಡ್ಡಪ್ಪ ಮೊಣಕಾಲೂರಿ ಕೂತು ಐದೂ ಪಿನ್ನುಗಳನ್ನು ಎತ್ತಿದರು. ಉರುಳೆ ಎದುರು ಬದಿಗೆ ಹೋಯಿತು. ತಿರುಗಿ ನೋಡದೆಯೇ ಕೈ ಚಾಚಿದರು.

“ಕೊಡು.”

ಆ ದಿನ ಚೀಲ ತುಂಬಿದವಳು ನಾನು; ಅದರಲ್ಲಿ ಎರಡೂ ಇದ್ದವು. ಹಿತ್ತಾಳೆಯದೂ, ಮರದ ಹಿಡಿಯದೂ. ಮುಟ್ಟಿದಾಗ ಹಿತ್ತಾಳೆ ಬೆರಳು ಕಚ್ಚುವಷ್ಟು ತಣ್ಣಗಿತ್ತು. ನಾನು ಕೊಟ್ಟದ್ದು ಅದನ್ನೇ.

ಅದು ನಿಧಾನವಾಗಿ ಹೊರಳಿತು. ಪಿನ್ನುಗಳು ಬಿದ್ದವು. ಮತ್ತೆ ಮುಕ್ಕಾಲು ಗಂಟೆ. ಮತ್ತೆ ಅದೇ. ಬಟ್ಲರ್ ಬಾಗಿಲಿಗೆ ಒರಗಿ ನಿಂತು, “ಏನ್ ಗೌಡರೇ, ಕೈ ನಡುಂಗುದಾ? ಬೀಗ ಬಿಟ್ಟು ಆಲೂಗಡ್ಡೆ ಅಗೆಯೋ ವಯಸ್ಸು ಬಂತಾ?” ಎಂದ. ತೋಟದವರು ನಕ್ಕರು. ದೊರೆಸಾನಿ ಗಡಿಯಾರ ನೋಡಿ, ಬಾಗಿಲು ಒಡೆಯಲು ಹೇಳಿದಳು. ಅದನ್ನು ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನು. ಹೇಳಿದೆ.

ಕೊಡಲಿಯ ಸದ್ದು ಕೇಳುತ್ತ ಮೆಟ್ಟಿಲ ಮೇಲೆ ಕೂತ ಅವರು ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. “ತಿರುಗಣೆಯದು ತಪ್ಪಿಲ್ಲೆ. ನೀನು ಇಪ್ಪತ್ತು ಸಲ ನೋಡಿದ್ದೀಯಲ್ಲ, ಕೂಸೇ?”

“ಹೌದು” ಎಂದೆ.

“ಹಂಗಾದ್ರೆ ಹೋದದ್ದು ಎನ್ನ ಕೈಯೇ.”

ಆ ತಿಂಗಳೇ ಅಂಗಡಿ ಮುಚ್ಚಿ ಹಟ್ಟಿಗೆ ಹೊರಟುಹೋದರು. ನಾನು ತಡೆಯಲಿಲ್ಲ. ಹೇಳಬೇಕೆಂದು ಎಷ್ಟೋ ಸಲ — ಆದರೆ ಮೊದಲ ವಾರ ಹೇಳದ್ದನ್ನು ಎರಡನೆಯ ವಾರ ಹೇಳುವುದು ಇನ್ನಷ್ಟು ಕಷ್ಟ, ವರ್ಷ ಕಳೆದ ಮೇಲಂತೂ... ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕಂಡದ್ದನ್ನು ಕಂಡಂತೆಯೇ ಬರೆಯಬೇಕೆಂದು ಹೆಣ್ಣುಮಕ್ಕಳಿಗೆ ಪಾಠ ಹೇಳಿದೆ. ರಜೆಯಲ್ಲಿ ಹಟ್ಟಿಗೆ ಹೋದಾಗ ದೊಡ್ಡಪ್ಪ ಮಜ್ಜಿಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವುದನ್ನು ನೋಡಿದೆ. ಒಂದು ಕೈಯನ್ನು ಅವರು ನಂಬುತ್ತಿರಲಿಲ್ಲ. ಆ ಕೈ ನಡುಗುತ್ತಿರಲಿಲ್ಲ. ನಾನು ಗಮನವಿಟ್ಟು ನೋಡಿದ್ದೇನೆ, ಮತ್ತೆ ಮತ್ತೆ ನೋಡಿದ್ದೇನೆ — ಅದು ಒಮ್ಮೆಯೂ ನಡುಗಲಿಲ್ಲ.

ಕಳೆದ ಶನಿವಾರ ಅವರ ಸೊಸೆ, ನಮ್ಮ ಅತ್ತಿಗೆ, ಸಂತೆಗೆ ಬಂದವಳು ನನ್ನ ಕೋಣೆಗೂ ಬಂದು ಬಟ್ಟೆ ಸುತ್ತಿದ ಒಂದು ಗಂಟು ಕೊಟ್ಟಳು. ಒಳಗಿದ್ದದ್ದು ಮರದ ಹಿಡಿಯ ತಿರುಗಣೆ.

“ಎನ್ನ ಕೈಗೆ ಇನ್ನು ಬೇಡ, ಓದಿದ ಕೂಸಿನ ಹತ್ತಿರ ಇರಲಿ ಅಂದ್ರು ಮಾವ,” ಎಂದಳು. “ನಿನಗಾದರೂ ಬೇಕಾ ಇದು? ಬೀಗವಿಲ್ಲದ ಹಟ್ಟಿಯಲ್ಲಿ ಕಳ್ಳನ ಸಾಮಾನು ಯಾಕೆ ಅಂತ ಊರೇ ನಗುತ್ತೆ.”

ನಾನೂ ನಕ್ಕೆ. ಅವಳು ಹೋದ ಮೇಲೆ ಆ ಹಿಡಿಯನ್ನು ಕೈಗೆ ತೆಗೆದುಕೊಂಡೆ. ಮರ ಅವರ ಹೆಬ್ಬೆರಳಿಗೆ ತಕ್ಕಂತೆ ಸವೆದು ಗುಳಿ ಬಿದ್ದಿತ್ತು. ನನ್ನ ಹೆಬ್ಬೆರಳು ಅದರೊಳಗೆ ಕೂರಲಿಲ್ಲ.

ನಾನು ಚಿಕ್ಕವಳಾಗಿದ್ದೆ, ಹೆದರಿದ್ದೆ ಎನ್ನಬಹುದು. ಎನ್ನುವುದಿಲ್ಲ. ಗುಳಿಬಿದ್ದ ಆ ಹಿಡಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು ನನ್ನಿಂದಾಗಲಿಲ್ಲ, ಅಷ್ಟೇ. ಹಳೆಯ ನೋಟ್‌ಬುಕ್ಕನ್ನು ಹುಡುಕಿ ತೆಗೆದೆ. ಹಿತ್ತಾಳೆಯದನ್ನು ತೆಗೆದೆ — ತೊಳೆಯಲಿಲ್ಲ, ಗ್ರೀಸು ಇದ್ದ ಹಾಗೆಯೇ ಇರಲಿ ಎಂದು. ಅಂಗಡಿಯಲ್ಲಿ ಪ್ರಯೋಗಕ್ಕಿದ್ದು, ಮೂರು ವರ್ಷ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಭಾರವಾಗಿ ಕೂತಿದ್ದ ಬೀಗವನ್ನೂ, ಪಿನ್ನೆತ್ತುವ ಕಡ್ಡಿಯನ್ನೂ ಚೀಲಕ್ಕೆ ಹಾಕಿದೆ.

ಮರುದಿನ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೊರಟು ನಡೆದೆ. ಹಟ್ಟಿ ತಲುಪಿದಾಗ ಮನೆಯ ಮುಂದಿನ ಹುಲ್ಲಿನ ಮೇಲೆ ಮಂಜು ಹಾಗೆಯೇ ಇತ್ತು. ದೊಡ್ಡಪ್ಪ ಕಂಬಳಿ ಹೊದ್ದು ಕಲ್ಲುಕಟ್ಟೆಯ ಮೇಲೆ ಕೂತಿದ್ದರು. ಎರಡೂ ತಿರುಗಣೆಗಳನ್ನು ಆ ಕಲ್ಲಿನ ಮೇಲಿಟ್ಟು, ಅವು ತಣ್ಣಗಾಗುವವರೆಗೆ ನಿಂತೇ ಎಲ್ಲವನ್ನೂ ಹೇಳಿದೆ. ಒಲೆ, ರಬ್ಬರ್, ‘ಹೌದು’ ಎಂದದ್ದು. ಯಾವುದನ್ನೂ ಬಿಡಲಿಲ್ಲ.

ಅವರು ಮರದ ಹಿಡಿಯ ಗುಳಿಯ ಮೇಲೆ ಹೆಬ್ಬೆರಳಿಟ್ಟರು.

“ಅವತ್ತು ಎನ್ನದು ಚೀಲದಲ್ಲೇ ಇತ್ತಾ?”

“ಇತ್ತು.”

ನನ್ನ ಮುಖ ನೋಡಲಿಲ್ಲ. ಕೂರು ಎನ್ನಲಿಲ್ಲ. ಬೀಗವನ್ನು ತೆಗೆದುಕೊಂಡು ಮೊಣಕಾಲುಗಳ ನಡುವೆ ಬಿಗಿಹಿಡಿದು, ಕಡ್ಡಿ ಹಾಕಿ, ಕಣ್ಣು ಮುಚ್ಚಿ ಪಿನ್ನುಗಳನ್ನು ಎತ್ತತೊಡಗಿದರು. ಅತ್ತಿಗೆ ಮಜ್ಜಿಗೆ ತಂದು, ನಮ್ಮಿಬ್ಬರ ಮುಖ ನೋಡಿ, ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಬಿಸಿಲು ನೆರೆಮನೆಯ ಮಾಡಿನವರೆಗೆ ಬಂದಾಗ ಉರುಳೆ ಹೊರಳಿತು. ಎದುರು ಬದಿಗೆ. ಅವರು ಮೊದಲು ಹಿತ್ತಾಳೆಯದನ್ನು ಎತ್ತಿಕೊಂಡರು.

ಅದು ನಿಧಾನವಾಗಿ ಹೊರಳಿತು. ಪಿನ್ನುಗಳು ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.

“ಬರೆ,” ಎಂದರು.

ನಾನು ಮಂಜಿನ ಮೇಲೆಯೇ ಕೂತು, ತೆಳ್ಳಗಾದ ಆ ಜಾಗದಲ್ಲಿ ‘ಸರಿ’ ಎಂಬುದನ್ನು ಹೊಡೆದುಹಾಕಿ, ಈ ಸಲ ಮಸಿಯಲ್ಲಿ ‘ತಪ್ಪಿತು’ ಎಂದು ಬರೆದೆ. ತಲೆಯೆತ್ತಿದಾಗ ಅವರು ಮಜ್ಜಿಗೆ ಕುಡಿಯುತ್ತಿದ್ದರು, ಒಂದೇ ಕೈಯಲ್ಲಿ.